ಗಣಕಯಂತ್ರದ ಮೌನವ್ರತ

ಮನೆಯೊಳಗಿನ ಸಾಮಾನುಗಳಿಗೂ ಸಿಟ್ಟು ಬರುವುದುಂಟು. ಬಾವಿಯ ಗಡಗಡಿಗೆ ಎಣ್ಣೆ ಬೀಳದಿದ್ದರೆ ಓಣಿಗೆಲ್ಲ ಕೇಳುವಂತೆ ಚೀರುತ್ತದೆ. ಮಳೆಗಾಲ ಬಂದಿತೆಂದರೆ ಬಾಗಿಲು ಉಬ್ಬಿ ಕುಳಿತು, ಹೆಗಲು ಕೊಟ್ಟು ನೂಕದ ಹೊರತು ಒಳಗೆ ಬಿಡುವುದಿಲ್ಲ. ಗೋಡೆಯ ಗಡಿಯಾರವಂತೂ ಹದಿನೈದು ನಿಮಿಷ ಹಿಂದೆ ಬಿದ್ದು ಮುಂಜಾನೆಯ ಬಸ್ಸು ತಪ್ಪಿಸಿಯೇ ತನ್ನ ಸೇಡು ತೀರಿಸಿಕೊಳ್ಳುತ್ತದೆ. ಇವೆಲ್ಲ ಬಾಯಿ ಮಾಡಿ ಜಗಳಾಡುವ ಬಗೆಯವು. ಏನು ಬೇಕೆಂಬುದು ಕೇಳಿದವರಿಗೆ ತಿಳಿಯುತ್ತದೆ. ಗಣಕಯಂತ್ರದ ಸಿಟ್ಟು ಇವುಗಳಂತಲ್ಲ. ಅದು ಮೌನವ್ರತ ಹಿಡಿಯುತ್ತದೆ. ಗುಂಡಿ ಒತ್ತಿರಿ, ಮತ್ತೆ ಒತ್ತಿರಿ, ಬೆನ್ನ ಮೇಲೆ ಎರಡು ತಟ್ಟಿರಿ, ಕೊನೆಗೆ ಕೈಮುಗಿಯಿರಿ. ತೆರೆ ಕಪ್ಪಾಗಿಯೇ ಇರುತ್ತದೆ, ಅದರಲ್ಲಿ ನಿಮ್ಮ ಮುಖವೇ ನಿಮಗೆ ಕಾಣುತ್ತದೆ.

ಇತಿಹಾಸವನ್ನೂ ಕನ್ನಡವನ್ನೂ ಓದುವ ನಾನು ಯಂತ್ರದ ವಿಷಯ ಬರೆಯಹೊರಟಿದ್ದನ್ನು ಕಂಡು ವಿಜ್ಞಾನ ಕಲಿಯುವ ಗೆಳತಿಯರು ನಗಬಹುದು. ನಗಲಿ. ಕಳೆದ ರಜೆಯಲ್ಲಿ ಮೂರು ದಿವಸ ಇಂಥದೊಂದು ಯಂತ್ರದ ಮುಂದೆ ಕುಳಿತು, ಅದನ್ನು ಮಾತನಾಡಿಸಿ ಎದ್ದವಳು ನಾನು. ಆ ಮೂರು ದಿವಸದಲ್ಲಿ ನಾನು ಕಲಿತದ್ದು ನಮ್ಮ ಪರೀಕ್ಷೆಯ ಯಾವ ಪ್ರಶ್ನಪತ್ರಿಕೆಯಲ್ಲೂ ಬರಲಾರದು. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಸವದತ್ತಿ ತಾಲೂಕಿನ ಸಿರಸಂಗಿ. ಹೊರಗಿನವರು ಅದನ್ನು ಎರಡು ಕಾರಣಗಳಿಂದ ಬಲ್ಲರು. ಒಂದು, ಕಾಳಮ್ಮನ ಗುಡಿ. ಕಬ್ಬಿಣ, ಕಟ್ಟಿಗೆ, ಕಂಚು, ಕಲ್ಲು, ಬಂಗಾರ ಎಂಬ ಐದು ಕಸಬಿನ ವಿಶ್ವಕರ್ಮರಿಗೆಲ್ಲ ಆಕೆ ಮನೆದೇವರು. ಯುಗಾದಿಯ ಸುತ್ತಿನಲ್ಲಿ ನಡೆಯುವ ಜಾತ್ರೆಗೆ ದೂರದೂರದಿಂದ ಜನ ಬರುತ್ತಾರೆ. ಇನ್ನೊಂದು, ಲಿಂಗರಾಜ ದೇಸಾಯರು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಬೆಳಗಾವಿಯಲ್ಲಿ 1933ರಲ್ಲಿ ತೆರೆದ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಹೀಗೆ ನಮ್ಮೂರಲ್ಲಿ ಉಪಕರಣಕ್ಕೂ ಮರ್ಯಾದೆ, ಅಕ್ಷರಕ್ಕೂ ಮರ್ಯಾದೆ. ಖಂಡೆ ನವಮಿಯ ದಿವಸ ಕುಡಗೋಲು, ಕೂರಿಗೆ, ಅಪ್ಪನ ಮೋಟಾರುಸೈಕಲ್ಲುಗಳ ಸಾಲಿನಲ್ಲಿ ನಮ್ಮ ಮನೆಯ ಗಣಕಯಂತ್ರಕ್ಕೂ ಕುಂಕುಮ ಬೀಳುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಆ ಕಲೆ ಈಗಲೂ ಇದೆ.

ಯಂತ್ರ ನಮ್ಮ ಅಜ್ಜನದು. ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಪಿಂಚಣಿಯ ಹಣದಲ್ಲಿ ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಕೊಂಡು ತಂದಾಗ ಆಯಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಅಜ್ಜ ತಂದದ್ದು ಮಾತ್ರ ಆಯಿಗಾಗಿಯೇ. ಆಯಿಗೆ ಹಾಡು ಬರುತ್ತಿದ್ದವು. ಒಂದೆರಡಲ್ಲ, ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆ, ತೊಟ್ಟಿಲ ಹಾಡು, ಗುಳ್ಳವ್ವನ ಹಾಡು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಲಿಗೆ ಹೋಯಿತು, ಹಾಡು ಆಯಿಯ ನಾಲಿಗೆಯ ಮೇಲೆ ಮಾತ್ರ ಉಳಿಯಿತು. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ ಸಂಗತಿಯನ್ನು ಅಜ್ಜ ಶಾಲೆಯಲ್ಲಿ ಪಾಠದಂತೆ ಹೇಳುತ್ತಿದ್ದರು. ಹಲಸಂಗಿಯಲ್ಲಿ ಆದದ್ದು ಸಿರಸಂಗಿಯ ಒಂದು ಮನೆಯಲ್ಲಾದರೂ ಆಗಬಾರದೇಕೆ ಎಂಬುದು ಅವರ ಹಟ.

ಆರು ವರ್ಷ ಈ ಕೆಲಸ ನಡೆಯಿತು. ಮಧ್ಯಾಹ್ನದ ಊಟವಾದ ಮೇಲೆ ಆಯಿ ಕಂಬಕ್ಕೆ ಒರಗಿ ಹಾಡುವಳು. ಅಜ್ಜ ಎರಡು ತೋರುಬೆರಳಿನಿಂದ ‘ನುಡಿ’ ತಂತ್ರಾಂಶದಲ್ಲಿ ಕುಟ್ಟುವರು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಎಂಬ ಕೀಲಿಯನ್ನು ಒತ್ತಬೇಕು. ಅಜ್ಜನ ಕೀಲಿಮಣೆಯಲ್ಲಿ ಉಳಿದ ಅಕ್ಷರಗಳೆಲ್ಲ ನೆಟ್ಟಗಿವೆ, ಎಫ್ ಒಂದು ಪೂರ್ತಿ ಸವೆದು ಅಳಿಸಿಹೋಗಿದೆ. ಅವ್ವ, ಅಕ್ಕ, ತಮ್ಮ, ಅಪ್ಪ, ಎತ್ತು, ಹಳ್ಳ, ಬೆಳ್ಳಿ ಎಂದು ಎಷ್ಟು ಸಲ ಬರೆದರೆ ಹೀಗಾಗಬಹುದು! ಪುಸ್ತಕದಲ್ಲಿ ಬರೆದಿಡಿರೆಂದು ಅಪ್ಪ ಹೇಳಿದರೆ, “ಕಾಗದಕ್ಕ ಗೆದ್ದಲಾ ಹತ್ತತೈತಿ, ಇದಕ್ಕ ಹತ್ತೂದಿಲ್ಲ” ಎಂದು ಅಜ್ಜ ನಗುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಹಾಡುಗಳು ಹೀಗೆ ಆ ಪೆಟ್ಟಿಗೆಯೊಳಗೆ ಸೇರಿದವು. ಒಂದು ಪೆನ್‌ಡ್ರೈವಿನಲ್ಲಿ ಮೊದಲ ನಲವತ್ತು ಹಾಡುಗಳ ಪ್ರತಿ ಇತ್ತು. ಉಳಿದವಕ್ಕೆ ಪ್ರತಿಯಿರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಆಯಿ ತನ್ನದೊಂದು ಹಳೆಯ ಇಳಕಲ್ಲ ಸೀರೆಯನ್ನು ಅದರ ಮೇಲೆ ಹೊದಿಸಿದಳು. ಅಪ್ಪ ಗೋಡೆಯಿಂದ ವೈರು ಕಿತ್ತಿಟ್ಟರು. ಎರಡು ವರ್ಷ ಹಾಗೆಯೇ ಕಳೆಯಿತು. ಈ ನಡುವೆ ಆಯಿಗೆ ಮರೆವು ಹತ್ತಿತು. ಹಾಡು ಹಿಡಿಯುತ್ತಾಳೆ, ನಾಲ್ಕು ನುಡಿ ಚೆನ್ನಾಗಿ ನಡೆಯುತ್ತದೆ, ಐದನೆಯದಕ್ಕೆ ನಿಂತು ನಮ್ಮ ಮುಖ ನೋಡುತ್ತಾಳೆ. ಹೀಗಿರುವಾಗ ನಮ್ಮ ದೊಡ್ಡಪ್ಪನ ಮಗಳ ಲಗ್ನ ನಿಶ್ಚಯವಾಯಿತು. ಅರಿಷಿಣ ಕುಟ್ಟುವ ದಿವಸಕ್ಕೆ ಹಾಡು ಬೇಕು. ಆಯಿಗೆ ಅದು ಅರ್ಧಕ್ಕೆ ನಿಲ್ಲುತ್ತದೆ. ಓಣಿಯ ಉಳಿದ ಹೆಣ್ಣುಮಕ್ಕಳಿಗೆ ಸಿನಿಮಾದ ಹಾಡುಗಳೇ ಬರುತ್ತವೆ. “ನಿಮ್ಮಜ್ಜ ಬರದಿಟ್ಟಾರಲ್ಲ, ತಗದ ನೋಡವಾ” ಎಂದು ಆಯಿ ನನಗೆ ಹೇಳಿದಳು. ಲಗ್ನಕ್ಕೆ ಹನ್ನೆರಡು ದಿನ ಉಳಿದಿತ್ತು. ಹೊರಗೆ ರೋಹಿಣಿ ಮಳೆ. ನಾನು ಸೀರೆ ಸರಿಸಿ, ವೈರು ಚುಚ್ಚಿ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

ಇಲ್ಲಿ ನನ್ನ ಗುರುವಿನ ಪ್ರವೇಶ. ಗುರು ವಯಸ್ಸಿನಲ್ಲಿ ನನಗಿಂತ ಚಿಕ್ಕವನು: ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವ ಕಾಕಾನ ಮಗ. ಮೊಬೈಲಿನಲ್ಲಿ ಆತನ ಮೊದಲ ಉಪದೇಶ ಇಷ್ಟೆ: “ಅಕ್ಕಾ, ಮೊದಲ ನೋಡು, ಕೇಳು, ಆಮ್ಯಾಲೆ ಮುಟ್ಟು. ಒಂದ ಸಲಕ್ಕ ಒಂದನ್ನಷ್ಟ ಬದಲ ಮಾಡು.” ವೈದ್ಯರಿಗೂ ನ್ಯಾಯಾಧೀಶರಿಗೂ ಹೇಳಬಹುದಾದ ಮಾತಿದು. ಎರಡು ವಸ್ತುಗಳನ್ನು ಕೂಡಿಯೇ ಬದಲಿಸಿದರೆ ರೋಗ ವಾಸಿಯಾದರೂ ಯಾವ ಮದ್ದಿನಿಂದ ಆಯಿತೆಂಬುದು ತಿಳಿಯುವುದಿಲ್ಲ.

ಮೊದಲು ಗೋಡೆ. ನಮ್ಮ ಕಡೆ ಕರೆಂಟು ಇದೆಯೆಂದು ನಂಬುವುದಕ್ಕಿಂತ ನೋಡಿ ತಿಳಿಯುವುದು ಒಳ್ಳೆಯದು. ಅದೇ ತೂತಿಗೆ ಮೊಬೈಲಿನ ಚಾರ್ಜರು ಚುಚ್ಚಿದೆ, ಹತ್ತಿತು. ಅಂದರೆ ಗೋಡೆ ನಿರ್ದೋಷಿ. ಗೋಡೆಗೂ ಯಂತ್ರಕ್ಕೂ ನಡುವೆ ಅಜ್ಜ ಒಂದು ಯುಪಿಎಸ್ ಇಟ್ಟಿದ್ದರು. ಕರೆಂಟು ಹೋದಾಗ ಹತ್ತು ನಿಮಿಷ ಯಂತ್ರವನ್ನು ಬದುಕಿಸಬೇಕಾದ ಆ ಪೆಟ್ಟಿಗೆ ತಾನೇ ಸತ್ತು ಕುಳಿತಿತ್ತು. ಅದರೊಳಗಿನ ಸೀಸದ ಬ್ಯಾಟರಿಯನ್ನು ಎರಡು ವರ್ಷ ಉಪವಾಸ ಕೆಡವಿದರೆ ಅದು ಬದುಕುವುದು ಕಷ್ಟ. ಅದನ್ನು ಬದಿಗಿಟ್ಟು, ಯಂತ್ರದ ವೈರನ್ನು ನೇರವಾಗಿ ಗೋಡೆಗೆ ಕೊಟ್ಟು ಗುಂಡಿ ಒತ್ತಿದೆ. ಒಳಗೆ ಪಂಖ ತಿರುಗಿತು! ಹಸಿರು ದೀಪ ಹತ್ತಿತು! ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ತೆರೆ ಮಾತ್ರ ಕಪ್ಪಾಗಿಯೇ ಇತ್ತು. ಅದರ ಬದಲು ಪೆಟ್ಟಿಗೆಯೊಳಗಿಂದ ಒಂದು ಕೂಗು ಕೇಳಿಸಿತು. ದೀರ್ಘವಾಗಿ ಒಂದು, ನಿಂತು ಮತ್ತೊಂದು, ಮತ್ತೊಂದು. ಜೋಳದ ಹೊಲದಲ್ಲಿ ಯಾವುದೋ ಹಕ್ಕಿ ಕೂಗಿದಂತೆ.

ಆ ಕೂಗನ್ನು ಕೇಳಿ ನಾನು ಹೆದರಿದರೆ ತಮ್ಮ ಹಿಗ್ಗಿದ. “ಮಾತಾಡಾಕತ್ತೈತಿ ಅಕ್ಕಾ! ಇನ್ನ ಚಿಂತಿ ಇಲ್ಲ” ಎಂದ. ಆತ ವಿವರಿಸಿದ್ದನ್ನು ನಮ್ಮ ಮನೆಯ ಮಾತಿನಲ್ಲಿಯೇ ಹೇಳುತ್ತೇನೆ. ದೊಡ್ಡ ಮನೆಯಲ್ಲಿ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಏಳುವ ಒಬ್ಬ ಮುದುಕಿಯಿರುತ್ತಾಳೆ. ಆಕೆ ದೀಪ ಹಚ್ಚಿ, ದನ ಎಣಿಸಿ, ನೀರಿದೆಯೇ ಕಟ್ಟಿಗೆಯಿದೆಯೇ ನೋಡಿ, ಎಲ್ಲವೂ ಸರಿಯಿದ್ದರೆ ಉಳಿದವರನ್ನು ಎಬ್ಬಿಸುತ್ತಾಳೆ. ಗಣಕದಲ್ಲಿ ಆ ಮುದುಕಿಯ ಹೆಸರು ಬಯೋಸ್. ಕರೆಂಟು ಬಂದೊಡನೆ ಏಳುವವಳು ಆಕೆಯೇ. ಸ್ಮೃತಿ ಇದೆಯೇ, ತೆರೆಗೆ ಚಿತ್ರ ಕಳಿಸುವ ಭಾಗ ಇದೆಯೇ, ಕೀಲಿಮಣೆ ಇದೆಯೇ ಎಂದು ಎಣಿಸುತ್ತಾಳೆ. 1981ರಲ್ಲಿ ಐಬಿಎಂ ಕಂಪನಿ ಹೊರತಂದ ಪಿಸಿಯಿಂದ ಹಿಡಿದು ಈ ಬೆಳಗಿನ ಎಣಿಕೆ ನಡೆದುಬಂದಿದೆ. ತೆರೆ ಹೊತ್ತುವ ಮೊದಲೇ ಏನಾದರೂ ತಪ್ಪು ಕಂಡರೆ ಬರೆದು ತೋರಿಸಲು ಆಕೆಗೆ ಪಾಟಿಯಿಲ್ಲ; ಆದ್ದರಿಂದ ಕೂಗಿ ಹೇಳುತ್ತಾಳೆ. ಕೂಗಿನ ಭಾಷೆ ತಯಾರಕರಿಗೊಂದು ಬಗೆ. ನಮ್ಮ ಯಂತ್ರದಂಥವುಗಳಲ್ಲಿ ದೀರ್ಘವಾದ ಕೂಗು ಮತ್ತೆಮತ್ತೆ ಬಂದರೆ, ಸ್ಮೃತಿ ಸಿಗಲಿಲ್ಲವೆಂದು ಅರ್ಥ.

ಸ್ಮೃತಿ ಸಿಗಲಿಲ್ಲ! ನಾನು ಕಂಬಕ್ಕೆ ಒರಗಿ ಕುಳಿತ ಆಯಿಯ ಕಡೆಗೆ ನೋಡಿದೆ. ಆಯಿ ಅಡಿಕೆ ಕತ್ತರಿಸುತ್ತಿದ್ದಳು.

ಪೆಟ್ಟಿಗೆ ಬಿಚ್ಚಬೇಕಾಯಿತು. ಬಿಚ್ಚುವ ಮೊದಲಿನ ನೇಮಗಳನ್ನು ಯಾರಾದರೂ ಓದಿ ಮಾಡಿಯಾರೆಂದು ಇಲ್ಲಿ ಹೇಳಿಬಿಡುತ್ತೇನೆ. ಗೋಡೆಯಿಂದ ವೈರು ಪೂರ್ತಿ ಕೀಳಬೇಕು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಬೇಕು. ನಮ್ಮ ಮೈಮೇಲೆ, ಅದರಲ್ಲೂ ನೈಲಾನು ಬಟ್ಟೆಯುಟ್ಟವರ ಮೈಮೇಲೆ, ನಿಂತಿರುವ ವಿದ್ಯುತ್ತು ನಮಗೆ ಚಿಮುಟಿದಷ್ಟೂ ತಿಳಿಯದು, ಆದರೆ ಆ ಸೂಕ್ಷ್ಮ ಭಾಗಗಳನ್ನು ಸುಟ್ಟೀತು. ಮತ್ತು ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಒಳಪೆಟ್ಟಿಗೆಯೊಂದಿದೆ. ಎಸ್‌ಎಂಪಿಎಸ್ ಎಂದು ಅದರ ಹೆಸರು. ಅದನ್ನು ಮಾತ್ರ ಬಿಚ್ಚಕೂಡದು. ವೈರು ಕಿತ್ತ ಮೇಲೂ ಅದರ ಹೊಟ್ಟೆಯಲ್ಲಿ ಶಕ್ತಿ ಉಳಿದಿರುತ್ತದೆ.

ಸಣ್ಣ ತಿರುಪುಳಿ ನಮ್ಮಲ್ಲಿರಲಿಲ್ಲ. ಎದುರುಮನೆಯ ಪತ್ತಾರ ಕಾಕಾನ ಬಳಿ ಹೋದೆ. ಬಂಗಾರದ ಕೆಲಸ ಮಾಡುವವರು. ಅವರ ಹಲಗೆಯ ಮೇಲೆ ಇಲ್ಲದ ಉಪಕರಣವಿಲ್ಲ. ಕೇಳಿದ್ದನ್ನು ಕೊಟ್ಟು ಕಳಿಸುವ ಬದಲು ಕಾಕಾ ತಾವೇ ಕನ್ನಡಕ ಏರಿಸಿಕೊಂಡು, ಮೆತ್ತನೆಯ ಕುಂಚ ಹಿಡಿದು ಬಂದರು. ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಧೂಳಿನ ಕಂಬಳಿ. ಒಂದು ಮೂಲೆಯಲ್ಲಿ ಜೇಡನ ಸಂಸಾರ. ಕಾಕಾ ಬಾಯಿಂದ ಊದದೆ (ಉಗುಳು ಸಿಡಿಯುತ್ತದೆಂದು ಅವರೇ ಹೇಳಿದರು) ಕುಂಚದಿಂದ ಬಿಡಿಸಿದರು. ಸ್ಮೃತಿಯ ಪಟ್ಟಿಯನ್ನು ಎರಡೂ ಬದಿಯ ಚಿಲಕ ಸರಿಸಿ ನಾನು ಹೊರಗೆಳೆದೆ. ಗೇಣಿಗಿಂತ ಚಿಕ್ಕದು, ಒಂದು ಅಂಚಿಗೆ ಹಳದಿ ಹಲ್ಲಿನ ಸಾಲು. ಕಾಕಾ ಅದನ್ನು ಬೆಳಕಿಗೆ ಹಿಡಿದು, “ಬಂಗಾರದ ನೀರ ಕುಡಿಸ್ಯಾರ ತಂಗಿ” ಎಂದರು. ಕಸಬಿನವರ ಕಣ್ಣಿಗೆ ಮೊದಲು ಬೀಳುವುದೇ ಅದು. ಆ ಬಂಗಾರದ ಮೇಲೆ ಎರಡು ಮಳೆಗಾಲದ ತೇವವೂ ಧೂಳೂ ಸೇರಿ ಮಸಕು ಹಿಡಿದಿತ್ತು. ಮಸಕಿನ ಮೂಲಕ ವಿದ್ಯುತ್ತು ಹಾಯಲಾರದು. ತಮ್ಮ ಫೋನಿನಲ್ಲಿ ಹೇಳಿದ ಮದ್ದು ಪೆನ್ಸಿಲ್ ಅಳಿಸುವ ರಬ್ಬರು. ಕಾಕಾ ತಲೆಯಾಡಿಸಿದರು: ಉಸುಕುಕಾಗದ ಹಾಕಿದರೆ ಬಂಗಾರವೇ ಹೋದೀತು, ರಬ್ಬರು ಮಸಕನ್ನಷ್ಟೇ ಒಯ್ಯುತ್ತದೆ. ನನ್ನ ಕಂಪಾಸಪೆಟ್ಟಿಗೆಯ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿಯನ್ನು ಕುಂಚದಿಂದ ಝಾಡಿಸಿ, ಪಟ್ಟಿಯನ್ನು ಮರಳಿ ಕೂರಿಸಿದೆವು. ಎರಡೂ ಚಿಲಕ ‘ಟಕ್’ ಎನ್ನುವ ವರೆಗೆ ಒತ್ತಬೇಕು. ಅಳುಕಿ ಒತ್ತಿದರೆ ಕೂರುವುದಿಲ್ಲ.

ಮತ್ತೆ ಗುಂಡಿ. ಈ ಸಲ ಕೂಗು ಚಿಕ್ಕದು, ಒಂದೇ ಒಂದು. ಎಲ್ಲವೂ ಇದೆ ಎಂದು ಮುದುಕಿ ಕೆಮ್ಮಿದಂತೆ. ತೆರೆಯ ಮೇಲೆ ಬಿಳಿಯ ಅಕ್ಷರ ಮೂಡಿದವು.

ಮೂಡಿದ್ದನ್ನು ಓದಿದರೆ ದೂರು. ಗಡಿಯಾರ ತಪ್ಪಿದೆ, ನೆನಪಿನಲ್ಲಿಟ್ಟ ಏರ್ಪಾಟು ಅಳಿದಿದೆ, ಮುಂದುವರಿಯಲು ಎಫ್ ಒಂದನ್ನು ಒತ್ತು ಎಂದು. ತಾರೀಖು ನೋಡಿದರೆ 2009ರ ಜನವರಿ 1. ಯಂತ್ರದೊಳಗೆ ಎಂಟಾಣೆಯ ನಾಣ್ಯದಷ್ಟು ಒಂದು ಮೂರು ವೋಲ್ಟಿನ ಬಿಲ್ಲೆಯಿರುತ್ತದೆ, ಸಿಆರ್ 2032 ಎಂಬುದು. ಗೋಡೆಯ ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದೂ ಏರ್ಪಾಟು ನೆನಪಿಡುವುದೂ ಅದರ ಕೆಲಸ. ಎರಡು ವರ್ಷ ವೈರಿಲ್ಲದೆ ಒಂದೇ ಸಮ ದುಡಿದು ಅದು ಸೋತಿತ್ತು. ಸೋತ ಮೇಲೆ ಯಂತ್ರಕ್ಕೆ ತಿಳಿದದ್ದು ಕಾರಖಾನೆಯಲ್ಲಿ ಕಲಿಸಿದ ತಾರೀಖೊಂದೇ. ಆ ತಾರೀಖಿಗೆ ಅಜ್ಜ ಇನ್ನೂ ಶಾಲೆಗೆ ಹೋಗುತ್ತಿದ್ದರು, ನಾನು ತೊಟ್ಟಿಲಿನಿಂದ ಇಳಿದವಳು. ಯಾರೂ ಏನೂ ಅನ್ನಲಿಲ್ಲ. ನಾನು ಎಫ್ ಒಂದನ್ನು ಒತ್ತಿದೆ.

ಆಗ ಬಂದಿತು ನಿಜವಾದ ಪೆಟ್ಟು. ಹೊರಡಲು ತಟ್ಟೆ ಸಿಗಲಿಲ್ಲ, ಬೇರೆ ತಟ್ಟೆ ಹಾಕು ಎಂಬ ಒಂದು ಸಾಲು. ತಟ್ಟೆ ಎಂದರೆ ಹಾರ್ಡ್‌ಡಿಸ್ಕು. ಹಾಡುಗಳು ಇದ್ದದ್ದು ಅದರಲ್ಲಿಯೇ. ಇಷ್ಟು ಹೊತ್ತಿನ ದುರಸ್ತಿಯೆಲ್ಲ ಮನೆಯ ಬಾಗಿಲು ತೆಗೆಯುವ ಕೆಲಸ. ಈಗ ಒಳಗೆ ಹೋದರೆ ಮನೆ ಬರಿದಾಗಿದೆ ಎಂದಂತಾಯಿತು. ಅಪ್ಪ ಪಟ್ಟಣದ ದುರಸ್ತಿಯಂಗಡಿಯೊಂದಕ್ಕೆ ಫೋನು ಮಾಡಿದರು. ಅಂಗಡಿಯ ಹೆಸರು ಬೇಡ. ಆತ ಯಂತ್ರ ನೋಡದೆಯೇ, “ಹಳೇ ಮಷೀನ್ರೀ, ಡಿಸ್ಕ ಹೋಗಿರ್ತೈತಿ. ತಂದ ಕೊಡ್ರಿ, ಹೊಸಾದ ಹಾಕಿ ಕೊಡ್ತೀನಿ” ಎಂದ. “ಅದರಾಗ ಇದ್ದದ್ದು?” ಎಂದು ಅಪ್ಪ ಕೇಳಿದರು. “ಅದ ಹೋತ್ರಿ” ಎಂದನಂತೆ. ಪೈರು ಒಣಗಿದಾಗಲೂ ಅಪ್ಪ ಹಾಗೆ ಕುಳಿತದ್ದನ್ನು ನಾನು ಕಂಡಿಲ್ಲ. ಅವರು ತಮ್ಮ ತಂದೆಯ ಕೆಲಸವನ್ನು ಆಗಾಗ ಗೇಲಿ ಮಾಡುತ್ತಿದ್ದವರು. ಆ ಸಂಜೆ ಊಟಕ್ಕೆ ಏಳಲಿಲ್ಲ.

ನೋಡದೆ ಹೇಳಿದ ತೀರ್ಪನ್ನು ತಮ್ಮ ಒಪ್ಪಲಿಲ್ಲ. “ಸತ್ತೈತಿ ಅಂತ ನಾಡಿ ಹಿಡದ ಹೇಳಬೇಕು” ಎಂದ. ಮರುದಿನ ಬೆಳಿಗ್ಗೆ ನಾಡಿ ಹಿಡಿದೆವು. ಯಂತ್ರ ಹೊತ್ತಿಸಿ, ತಟ್ಟೆಯ ಪೆಟ್ಟಿಗೆಯ ಬಳಿ ಕಿವಿ ತಂದು ಕೇಳಬೇಕು. ‘ಟಕ್ ಟಕ್’ ಎಂದು ಬಡಿಯುತ್ತಿದ್ದರೆ ಒಳಗಿನ ಮುಳ್ಳು ದಾರಿ ತಪ್ಪಿದೆ ಎಂದು ಭಯಪಡಬೇಕು. ಕೂಡಲೆ ಆರಿಸಿ, ತಿಳಿದವರ ಕೈಗೆ ಕೊಡಬೇಕು. ಏನೂ ಕೇಳದಿದ್ದರೆ ಅದಕ್ಕೆ ವಿದ್ಯುತ್ತೇ ಮುಟ್ಟಿಲ್ಲ. ನನಗೆ ಕೇಳಿಸಿದ್ದು ಸಣ್ಣಗೆ, ಒಂದೇ ಸಮನಾದ ಝೇಂಕಾರ. ಬೀಸುವ ಕಲ್ಲು ದೂರದ ಮನೆಯಲ್ಲಿ ತಿರುಗಿದ ಹಾಗೆ. ತಟ್ಟೆ ತಿರುಗುತ್ತಿದೆ, ಬಡಿಯುತ್ತಿಲ್ಲ, ಅಂದರೆ ಜೀವವಿದೆ. ಆದರೆ ಬಯೋಸಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಜೀವವಿದ್ದೂ ಹಾಜರಿ ಹೇಳದಿದ್ದರೆ, ಆಳಿಗೂ ಒಡತಿಗೂ ನಡುವಿನ ದಾರಿ ಕೆಟ್ಟಿರಬೇಕು.

ದಾರಿ ಎಂದರೆ ಬೆರಳಗಲದ ಒಂದು ಕೆಂಪು ಪಟ್ಟಿ, ಸಾಟಾ ಕೇಬಲ್ಲು. ತಟ್ಟೆಗೆ ಎರಡು ವೈರು ಬರುತ್ತವೆ: ಒಂದು ಅನ್ನ ತರುವುದು, ಒಂದು ಮಾತು ತರುವುದು. ಅನ್ನ ಮುಟ್ಟಿದೆಯೆಂದು ಝೇಂಕಾರವೇ ಸಾಕ್ಷಿ. ಮಾತಿನ ವೈರನ್ನು ಕಿತ್ತು ನೋಡಿದರೆ ಅದರ ಬಾಯಿಯ ಬಳಿ ಚರ್ಮ ಹರಿದಿತ್ತು. ಇಲಿಯ ಹಲ್ಲಿನ ಗುರುತು. ಗೆದ್ದಲು ಹತ್ತದ ಪೆಟ್ಟಿಗೆಗೆ ಇಲಿ ಹತ್ತಿತ್ತು. ಹೊಸ ಕೇಬಲ್ಲು ಊರಲ್ಲಿ ಸಿಗದು. ಆದರೆ ಅದೇ ಯಂತ್ರದಲ್ಲಿ ಡಿವಿಡಿ ಓಡಿಸುವ ಭಾಗಕ್ಕೂ ಅಂಥದೇ ಕೇಬಲ್ಲು ಇತ್ತು, ಅಜ್ಜ ಅದನ್ನು ಬಳಸಿದ್ದನ್ನು ಯಾರೂ ಕಂಡಿರಲಿಲ್ಲ. ಅದನ್ನು ಬಿಡಿಸಿ ತಟ್ಟೆಗೆ ಜೋಡಿಸಿದೆ. ವೈರು ಚುಚ್ಚಿದೆ. ಕಾಕಾ ಕಾಳಮ್ಮನ ಹೆಸರು ತೆಗೆದುಕೊಂಡರು. ಗುಂಡಿ ಒತ್ತಿದೆ.

ಒಂದು ಕೆಮ್ಮು, ಎಣಿಕೆ, ಪಟ್ಟಿ. ಪಟ್ಟಿಯಲ್ಲಿ ತಟ್ಟೆಯ ಹೆಸರು. ಆಮೇಲಿನ ಎರಡು ನಿಮಿಷ ಬಹಳ ದೊಡ್ಡವು. ತೆರೆಯ ತುಂಬ ಕಾಳಮ್ಮನ ಗುಡಿಯ ಚಿತ್ರ ಬಂದು ನಿಂತಿತು, ಅಜ್ಜ ಇಟ್ಟದ್ದು. ಎಡಗಡೆ ಒಂದು ಚೀಲದ ಗುರುತು. ಅದರ ಕೆಳಗೆ ಆಯಿಯ ಹೆಸರು.

ಮೊದಲು ಮಾಡಿದ ಕೆಲಸ ಹಾಡು ಓದುವುದಲ್ಲ, ಎರಡು ಪೆನ್‌ಡ್ರೈವಿಗೆ ಪ್ರತಿ ತೆಗೆದದ್ದು. ಒಂದು ನಮ್ಮ ಮನೆಯ ಟ್ರಂಕಿಗೆ, ಇನ್ನೊಂದು ಕಾಕಾನ ತಿಜೋರಿಗೆ. ಬಂಗಾರದ ಜೊತೆಗೆ ಇಟ್ಟುಕೊಳ್ಳುತ್ತೇನೆಂದು ಅವರೇ ಹೇಳಿದರು. ಆಮೇಲೆ ತಮ್ಮನಿಗೆ ಮೊಬೈಲಿನಲ್ಲಿ ಒಂದು ಹಾಡು ಕಳಿಸಿದೆ. ಆತನಿಗೆ ಕಂಡದ್ದು ಕನ್ನಡವಲ್ಲ, ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಅಜ್ಜ ಬಳಸಿದ ಅಕ್ಷರಗಳು ರೋಮನ್ ಅಕ್ಷರಗಳ ಗೂಡಿನಲ್ಲಿ ಕನ್ನಡದ ಆಕಾರವನ್ನು ಕೂರಿಸಿದಂಥವು. ಆ ಅಚ್ಚುಮೊಳೆ ಇಲ್ಲದ ಯಂತ್ರದಲ್ಲಿ ಕನ್ನಡದ ವೇಷ ಕಳಚಿ ಬೀಳುತ್ತದೆ. ಕನ್ನಡಕ್ಕೆ ತನ್ನದೇ ಗೂಡುಗಳನ್ನು ಕೊಟ್ಟ ಯುನಿಕೋಡ್ 1991ರಲ್ಲಿಯೇ ಬಂದಿದ್ದರೂ ನಮ್ಮ ಕಡೆಯ ಕಚೇರಿ, ಅಚ್ಚುಕೂಟಗಳಲ್ಲಿ ಹಳೆಯ ಪದ್ಧತಿ ಬಹುಕಾಲ ನಡೆಯಿತು. ಹೀಗೆ ಸಿಕ್ಕಿಬಿದ್ದ ಕನ್ನಡ ಎಷ್ಟು ಮನೆಗಳ ಪೆಟ್ಟಿಗೆಗಳಲ್ಲಿದೆಯೋ! ಪುಣ್ಯಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ. ಇನ್ನೂರು ಹಾಡುಗಳನ್ನೂ ಹಾಯಿಸಿದೆ. ಅರ್ಕಾವತ್ತು ಮಾತ್ರ ಕೆಲವೆಡೆ ತಪ್ಪು ಅಕ್ಷರದ ಬೆನ್ನೇರಿ ಕುಳಿತಿತ್ತು. ಅವನ್ನು ಕೈಯಿಂದಲೇ ಇಳಿಸಬೇಕಾಯಿತು.

ಅರಿಷಿಣ ಕುಟ್ಟುವ ಹಾಡನ್ನು ಕಾಗದಕ್ಕೆ ಇಳಿಸಿಕೊಂಡು ಆಯಿಯ ಮುಂದೆ ಕುಳಿತೆ. ನಾನು ಹಾಡಬಲ್ಲವಳಲ್ಲ, ಪಾಠ ಓದಿದಂತೆ ಓದಿದೆ. ನಾಲ್ಕು ನುಡಿಗೆ ಆಯಿಯ ತುಟಿ ನನ್ನ ಜೊತೆಗೇ ಆಡಿದವು. ಐದನೆಯದು, ಆರನೆಯದು ಓದಿದಾಗ ಅಡಿಕೆ ಕತ್ತರಿಸುವ ಕೈ ನಿಂತಿತು. ಏಳನೆಯ ನುಡಿಗೆ ಆಯಿ ಕೈಯೆತ್ತಿ ನನ್ನನ್ನು ತಡೆದಳು.

“ಹಂಗಲ್ಲದು. ನಿಮ್ಮಜ್ಜ ತಪ್ಪ ಬರದಾರ” ಎಂದಳು. “ನಾ ಹಾಡಿದ್ದ ಬ್ಯಾರೆ, ಅವರ ಕೇಳಿಸ್ಕೊಂಡದ್ದ ಬ್ಯಾರೆ. ಬರಕೊ.”

ಲಗ್ನದ ವರೆಗೆ ಹೀಗೆ ಹನ್ನೊಂದು ಹಾಡುಗಳಲ್ಲಿ ಆಯಿ ಅಜ್ಜನ ತಪ್ಪು ತೆಗೆದಳು. ಉಳಿದವು ಇನ್ನೂ ಇವೆ. ಮುಂದಿನ ರಜೆಗೆ ಹೋಗುವಾಗ ಒಂದು ಹೊಸ ಬಿಲ್ಲೆಯನ್ನೂ ಒಂದು ಕೆಂಪು ಕೇಬಲ್ಲನ್ನೂ ಒಯ್ಯಬೇಕು. ಇಲಿಬೋನು ಅಪ್ಪ ಆಗಲೇ ತಂದಿದ್ದಾರೆ.